ಗತ್ತು ಗೊತ್ತು, ಗೈರತ್ತು ಏನು?

ಮೊನ್ನೆ ಮಂಡ್ಯದ ಹತ್ತಿರ ನೆಂಟರ ಆಲೆಮನೆಗೆ ಹೋಗಿದ್ದೆ. ಕೊಪ್ಪರಿಗೆ ಪಕ್ಕ ಒಬ್ಬ ಹಿರಿಯರು ನಿಂತಿದ್ದರು. ಮಾಸಿದ ಬನಿಯನ್ನು, ಎತ್ತಿ ಕಟ್ಟಿದ ಪಂಚೆ, ಹೆಗಲ ಮೇಲೆ ಟವಲ್ಲು. ಪಾಕದ ಹನಿಯನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಮಾಡಿ ನೋಡಿ, ಸುಮ್ನೆ ಗಲ್ಲ ಎತ್ತಿದರು. ಅಷ್ಟಕ್ಕೇ ಕೊಪ್ಪರಿಗೆ ಇಳಿಸೋಕೆ ಹುಡುಗರು ಓಡಿಬಂದರು. ಅತ್ತೆ ನನ್ನ ಕಿವಿಯಲ್ಲಿ ಅಂದರು, "ನೋಡ್ದಾ ಅವ್ರ ಗತ್ತು ಗೈರತ್ತ!"

ಗತ್ತು ಎಲ್ಲರಿಗೂ ಗೊತ್ತು. ನಿಲ್ಲುವ, ನಡೆಯುವ, ನೋಡುವ ರೀತಿಯಲ್ಲೇ ಕಾಣುವ ತೂಕ ಅದು. ಧಿಮಾಕು ಅಂದರೆ ಬೈಗುಳ. ಗತ್ತು ಹೊಗಳಿಕೆಯೂ ಆಗುತ್ತದೆ, ದನಿ ಸ್ವಲ್ಪ ಎಳೆದರೆ ಕೊಂಕೂ ಆಗುತ್ತದೆ.

ಗೈರತ್ತು ಬರೀ ಪ್ರಾಸಕ್ಕೆ ಅಂಟಿಕೊಂಡಿದ್ದು ಅಂತಲೇ ನಾನು ತಿಳಿದಿದ್ದೆ. ಆದರೆ ಊಟಗೀಟ, ಕಾಫಿಗೀಫಿ ಲೆಕ್ಕದಲ್ಲಿ ಅದು ‘ಗತ್ತುಗಿತ್ತು’ ಆಗಬೇಕಿತ್ತು ಅಲ್ವಾ? ಹಾಗಾಗಲಿಲ್ಲ, ಯಾಕೆಂದರೆ ಗೈರತ್ತು ತಾನೇ ಒಂದು ಪೂರ್ತಿ ಪದ. ಮೂಲ ಅರಬ್ಬಿ. ಅಲ್ಲಿ ಅದರ ಅರ್ಥ ಮತ್ಸರ, ತನ್ನದನ್ನು ಬೇರೆಯವರಿಗೆ ಬಿಟ್ಟುಕೊಡದ ರೋಷ. ಪಾರಸಿ, ಉರ್ದುವಿಗೆ ಬರುವಾಗ ಮಾನ, ಸ್ವಾಭಿಮಾನ ಆಯಿತು. ಉರ್ದುವಿನಲ್ಲಿ ‘ಬೇಗೈರತ್’ ಅಂದರೆ ಮಾನಗೆಟ್ಟವನು, ಜಾಸ್ತಿ ಖಾರದ ಬೈಗುಳವೇ. ನಮ್ಮಲ್ಲಿ ಆ ಒಳಗಿನ ಮಾನ ಹೊರಗಿನ ಚಹರೆಗೆ ಬಂದು ಕೂತಿದೆ. ಮೈಸೂರು ಸೀಮೆಗೆ ಇಂಥ ಪದ ಹೊಸದೇನಲ್ಲ. ಹೈದರ್, ಟಿಪ್ಪು ಕಾಲದಲ್ಲಿ, ಅಂದರೆ 1799ರವರೆಗೆ, ಶ್ರೀರಂಗಪಟ್ಟಣದ ಆಡಳಿತದಲ್ಲಿ ಪಾರಸಿ ಓಡಾಡುತ್ತಿತ್ತು. ಮೈಸೂರಿನ ಮಂಡಿ ಮೊಹಲ್ಲಾದ ‘ಮೊಹಲ್ಲಾ’ ಕೂಡ ಅರಬ್ಬಿಯಿಂದಲೇ ಬಂದದ್ದು.

ಅತ್ತೆಯ ಮಗ ಕೇಳಿದ, "ಗೈರುಹಾಜರಿಯ ಗೈರೂ ಇದೇನಾ? ಗತ್ತು ಇದೆ, ಆಸಾಮಿ ಗೈರು!" ಎಲ್ಲರೂ ನಕ್ಕೆವು. ಆದರೆ ಹುಡುಗ ಹೇಳಿದ್ದು ಪೂರ್ತಿ ತಪ್ಪಲ್ಲ. ಎರಡೂ ಒಂದೇ ಅರಬ್ಬಿ ಧಾತುವಿನ ಮಕ್ಕಳು. ಗೈರ್ ಅಂದರೆ ‘ಬೇರೆ, ಅಲ್ಲದ್ದು’. ಹಾಜರಿ ಅಲ್ಲದ್ದು ಗೈರುಹಾಜರಿ. ಬೇರೆಯವನು ನಡುವೆ ಬಂದಾಗ ಏಳುವ ಕಿಚ್ಚು ಗೈರತ್.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಮನೆಯಲ್ಲಿ ‘ಅವನಿಗೆ ಗತ್ತಿದೆ’ ಅನ್ನುತ್ತೇವೆ, ‘ಅವನಿಗೆ ಗೈರತ್ತಿದೆ’ ಅಂತ ಒಂಟಿಯಾಗಿ ಯಾರೂ ಅನ್ನುವುದಿಲ್ಲ. ಮದ್ದೂರು, ಮಳವಳ್ಳಿ, ನಂಜನಗೂಡು ಕಡೆ ಯಾರಾದರೂ ಹಾಗೆ ಅನ್ನುವುದನ್ನು ಕೇಳಿದ್ದೀರಾ? ಕೇಳಿದ್ದರೆ ಆ ವಾಕ್ಯವನ್ನು ಹಾಗೇ ಬರೆದು ಕಳಿಸಿ.