ಮನೆಗೆಲಸದವರಿಗೆ ಬೇರೆ ಲಿಫ್ಟ್: ಅಪಾರ್ಟ್‌ಮೆಂಟಿನ ಈ ನಿಯಮ ತೆಗೆಸುವುದು ಹೇಗೆ?

ಪ್ರಶ್ನೆ: ಹದಿನಾಲ್ಕನೇ_ಮಹಡಿ

ಬೆಂಗಳೂರಿನ ಪೂರ್ವ ಭಾಗದ ಅಪಾರ್ಟ್‌ಮೆಂಟ್. 14 ಮಹಡಿ, ಟವರಿಗೆ ಎರಡು ಲಿಫ್ಟ್. ಕೋವಿಡ್ ಕಾಲದಲ್ಲಿ ಅಂಟಿಸಿದ ನೋಟಿಸ್ ಇನ್ನೂ ಗೋಡೆ ಮೇಲಿದೆ: "ಮನೆಗೆಲಸದವರು, ಡೆಲಿವರಿಯವರು, ಹೌಸ್‌ಕೀಪಿಂಗ್‌ನವರು ಎರಡನೇ ಲಿಫ್ಟ್ ಮಾತ್ರ ಬಳಸತಕ್ಕದ್ದು." ಬೆಳಗಿನ ರಶ್, ಸ್ವಚ್ಛತೆ, ಭದ್ರತೆ ಎಂದು ಸಮಿತಿಯವರು ಮೂರು ಕಾರಣ ಹೇಳುತ್ತಾರೆ. ಮುಂದಿನ ತಿಂಗಳು ವಾರ್ಷಿಕ ಸಭೆ ಇದೆ. ಕಾನೂನು ಏನು ಹೇಳುತ್ತದೆ, ಠರಾವು ಹೇಗಿರಬೇಕು, ರಶ್‌ನ ವಾದಕ್ಕೆ ಅಂಕಿ ಸಮೇತ ಏನು ಉತ್ತರ ಕೊಡಬಹುದು? ನಾವು ಬಾಡಿಗೆಗೆ ಇರುವವರು, ಫ್ಲ್ಯಾಟ್ ಸ್ವಂತದ್ದಲ್ಲ.

ಉತ್ತರ 1: ಬೈಲಾ_ಓದುಗ

ಮೊದಲು ಆ ನೋಟಿಸಿಗೆ ಬುಡ ಎಲ್ಲಿದೆ ನೋಡಿ. ನಿಮ್ಮ ಸಂಘ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆಯ ಕೆಳಗೆ ಇರಬಹುದು, 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೂ ಇರಬಹುದು. ಯಾವುದೇ ಆಗಲಿ, ಬೈಲಾ (ಸಂಘದ ಒಳನಿಯಮಾವಳಿ) ಪ್ರತಿ ತರಿಸಿಕೊಂಡು "ಲಿಫ್ಟ್", "ಸಾಮಾನ್ಯ ಪ್ರದೇಶ" ಎಂಬ ಪದಗಳಿರುವ ಕಲಮುಗಳನ್ನು ಓದಿ. ಇಂಥ ನಿಯಮ ಬೈಲಾದಲ್ಲಿ ಇರುವುದು ಬಹಳ ಅಪರೂಪ. ಸಾಮಾನ್ಯವಾಗಿ ಅದು ಸಮಿತಿ ಹೊರಡಿಸಿದ ಒಂದು ಸುತ್ತೋಲೆ, ಎಷ್ಟೋ ಕಡೆ ಎಸ್ಟೇಟ್ ಮ್ಯಾನೇಜರ್ ಟೈಪ್ ಮಾಡಿಸಿ ಅಂಟಿಸಿದ ಹಾಳೆ. ಸುತ್ತೋಲೆಯಾದರೆ ಸಮಿತಿಯೇ ತನ್ನ ಸಭೆಯಲ್ಲಿ ಹಿಂಪಡೆಯಬಹುದು, ವಾರ್ಷಿಕ ಸಭೆಯವರೆಗೆ ಕಾಯಬೇಕಿಲ್ಲ. ಬೈಲಾದಲ್ಲೇ ಇದ್ದರೆ ತಿದ್ದುಪಡಿಗೆ ಬೈಲಾ ಹೇಳಿದ ಬಹುಮತವೇ ಬೇಕು. ಹಾಗಾಗಿ "ಈ ಸೂಚನೆ ಯಾವ ದಿನಾಂಕದ ಯಾವ ಸಭೆಯ ನಿರ್ಣಯ? ನಡಾವಳಿಯ ಪ್ರತಿ ಕೊಡಿ" ಎಂದು ಲಿಖಿತವಾಗಿ ಕೇಳಿ. ನಡಾವಳಿಯೇ ಇಲ್ಲದಿದ್ದರೆ ನಿಮ್ಮ ಕೆಲಸ ಅರ್ಧ ಮುಗಿಯಿತು.

ಕಾನೂನಿನ ವಿಷಯದಲ್ಲಿ ಇರುವುದನ್ನು ಇದ್ದಂತೆ ಹೇಳಬೇಕು. ಬಡವ, ಕೂಲಿಯವ ಎಂಬ ಕಾರಣಕ್ಕೆ ಖಾಸಗಿಯವರು ಮಾಡುವ ಭೇದವನ್ನು ನೇರವಾಗಿ ನಿಷೇಧಿಸುವ ಕಾಯ್ದೆ ನಮ್ಮಲ್ಲಿಲ್ಲ. ಸಂವಿಧಾನದ 15(2)ನೇ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳ ಬಗ್ಗೆ ಮಾತಾಡುತ್ತದೆ. ಅಲ್ಲಿ ಹೆಸರಿಸಿರುವುದು ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳ. ಆದಾಯವೂ ಇಲ್ಲ, ಉದ್ಯೋಗವೂ ಇಲ್ಲ. ಸಭೆಯಲ್ಲಿ "ಇದು ಸಂವಿಧಾನಬಾಹಿರ" ಎಂದಷ್ಟೇ ಕೂಗಿದರೆ ಅಲ್ಲಿರುವ ಯಾವನೋ ವಕೀಲ ಒಂದು ನಿಮಿಷದಲ್ಲಿ ನಿಮ್ಮನ್ನು ಕೂರಿಸುತ್ತಾನೆ. ಆದರೆ 17ನೇ ವಿಧಿ ಬೇರೆ. ಅಸ್ಪೃಶ್ಯತೆಯ ಆಚರಣೆ ಯಾವ ರೂಪದಲ್ಲೂ ನಿಷಿದ್ಧ, ಅದು ಖಾಸಗಿ ವ್ಯಕ್ತಿಗಳಿಗೂ ಅನ್ವಯ. ಬೇರೆ ಲಿಫ್ಟಿನ ಜೊತೆಗೆ ಬೇರೆ ಲೋಟ, ಬೇರೆ ತಟ್ಟೆ, ಜಾತಿ ಹಿಡಿದು ಮಾತು ಇದ್ದರೆ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಮತ್ತು 1989ರ ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಯ ಪ್ರಶ್ನೆ ಏಳುತ್ತದೆ. ಪೌರಕಾರ್ಮಿಕರಲ್ಲಿ, ಹೌಸ್‌ಕೀಪಿಂಗ್‌ನಲ್ಲಿ ಯಾವ ಸಮುದಾಯಗಳ ಜನ ಹೆಚ್ಚು ಎಂಬುದು ಎಲ್ಲರಿಗೂ ಗೊತ್ತು. "ಇದರಲ್ಲಿ ಜಾತಿ ಇಲ್ಲ, ಬರೀ ವ್ಯವಸ್ಥೆ" ಎನ್ನುವ ಸಮಿತಿಗೆ ಈ ಅಪಾಯವನ್ನು ಸಮಾಧಾನವಾಗಿ, ಬರಹದಲ್ಲಿ ತಿಳಿಸಿ.

ಠರಾವನ್ನು ಚಿಕ್ಕದಾಗಿಡಿ:

"ಲಿಫ್ಟ್ ಬಳಕೆಯನ್ನು ವ್ಯಕ್ತಿಯ ಉದ್ಯೋಗದ ಆಧಾರದ ಮೇಲೆ ನಿರ್ಬಂಧಿಸುವ ಎಲ್ಲ ಸೂಚನೆಗಳನ್ನು ಹಿಂಪಡೆಯಲಾಗಿದೆ. ಪೀಠೋಪಕರಣ, ಕಟ್ಟಡ ಸಾಮಗ್ರಿ, ಕಸದ ಡಬ್ಬಿ ಸಾಗಿಸಲು ಎರಡನೇ ಲಿಫ್ಟನ್ನೇ ಬಳಸಬೇಕು. ಈ ನಿಯಮ ನಿವಾಸಿಗಳಿಗೂ ಅನ್ವಯ. ಹಳೆಯ ಫಲಕಗಳನ್ನು ಏಳು ದಿನದೊಳಗೆ ತೆಗೆಯಬೇಕು, ಕಾವಲು ಸಿಬ್ಬಂದಿಗೆ ಹೊಸ ಸೂಚನೆಯನ್ನು ಬರಹದಲ್ಲಿ ಕೊಡಬೇಕು."

ಕೊನೆಯ ಸಾಲು ಬಿಡಬೇಡಿ. ಠರಾವು ಪಾಸಾದ ಮೇಲೂ ಫಲಕ ಗೋಡೆ ಮೇಲೇ ಉಳಿದರೆ ಗಾರ್ಡ್ ಹಳೆಯದನ್ನೇ ಪಾಲಿಸುತ್ತಾನೆ. ತಪ್ಪು ಅವನದಲ್ಲ, ಅವನ ಕೈಯಲ್ಲಿ ಹೊಸ ಕಾಗದ ಇರುವುದಿಲ್ಲ.

ಉತ್ತರ 2: ಲಿಫ್ಟ್_ನಿರ್ವಹಣೆ

ರಶ್‌ನ ವಾದ ತಾಂತ್ರಿಕವಾಗಿ ತಲೆಕೆಳಗು. ಜೋಡಿ ಲಿಫ್ಟುಗಳನ್ನು ಸಾಮಾನ್ಯವಾಗಿ ಒಂದೇ ಗುಂಪು ನಿಯಂತ್ರಣದಲ್ಲಿ ಓಡಿಸುತ್ತಾರೆ. ಯಾವ ಮಹಡಿಯಲ್ಲಿ ಗುಂಡಿ ಒತ್ತಿದರೂ ಹತ್ತಿರವಿರುವ ಕಾರು, ಅಂದರೆ ಲಿಫ್ಟಿನ ಪೆಟ್ಟಿಗೆ, ಬರುತ್ತದೆ. ಒಂದು ಕಾರು ಕೆಳಗಿನಿಂದ ಹೊರಟು ಮತ್ತೆ ಕೆಳಗೆ ಬರಲು 120 ಸೆಕೆಂಡ್ ಹಿಡಿಯುತ್ತದೆ ಎಂದುಕೊಳ್ಳಿ. ಎರಡೂ ಕೂಡಿ ಓಡಿದರೆ ನೆಲಮಹಡಿಗೆ ಸರಾಸರಿ 60 ಸೆಕೆಂಡಿಗೊಂದು ಕಾರು. ಸರಾಸರಿ ಕಾಯುವಿಕೆ ಸುಮಾರು 30 ಸೆಕೆಂಡ್. ಬೇರ್ಪಡಿಸಿದರೆ ಪ್ರತಿ ಗುಂಪಿಗೂ 120 ಸೆಕೆಂಡಿಗೊಂದೇ ಕಾರು, ಕಾಯುವಿಕೆ ಸುಮಾರು 60 ಸೆಕೆಂಡ್. ಹೀಗೆ ನಿವಾಸಿಗಳಿಗೂ ದುಪ್ಪಟ್ಟಾಯಿತು. ಅವರಿಗೆ ಅದು ಗೊತ್ತಾಗದಿರಲು ಕಾರಣ, ಅವರು ಎರಡೂ ಗುಂಡಿ ಒತ್ತಿ ಯಾವುದು ಮೊದಲು ಬಂತೋ ಅದನ್ನು ಹತ್ತುತ್ತಾರೆ. ಎರಡನೇ ಕಾರು ಖಾಲಿ ನಿಂತು ಬಾಗಿಲು ತೆರೆದು ಮುಚ್ಚುತ್ತದೆ, ಅದನ್ನೇ ಕಾಯುತ್ತಿದ್ದವರ ಸಮಯ ಇನ್ನೂ ಹಾಳು. ಒಂದು ಲಿಫ್ಟ್ ಸರ್ವೀಸಿಗೆ ನಿಂತ ದಿನವಂತೂ ಕೆಲಸದವರಿಗೆ ಮೆಟ್ಟಿಲೇ ಗತಿ.

ಭಾರದ ವಿಷಯ: ಲಿಫ್ಟುಗಳ ಭಾರತೀಯ ಮಾನಕದಲ್ಲಿ ಒಬ್ಬರಿಗೆ 68 ಕೆಜಿ ಲೆಕ್ಕ. 8 ಜನರ ಕಾರು 544 ಕೆಜಿ, 13 ಜನರದ್ದು 884 ಕೆಜಿ. ಕಾರಿನೊಳಗಿನ ಫಲಕದಲ್ಲಿ ಜನರ ಸಂಖ್ಯೆ ಮತ್ತು ತೂಕ ಇರುತ್ತದೆ, ಉದ್ಯೋಗ ಇರುವುದಿಲ್ಲ. ಲಿಫ್ಟಿಗೆ ಹಾನಿ ಮಾಡುವುದು ಸಿಮೆಂಟ್ ಚೀಲ, ಟೈಲ್ಸ್, ಬಾಗಿಲಿಗೆ ಅಡ್ಡ ಇಡುವ ಮಂಚ. ಬಾಗಿಲ ಸೆನ್ಸರ್, ಬಾಗಿಲು ಜಾರುವ ಹೊಸ್ತಿಲಿನ ತೋಡುಗಳು ಹಾಳಾಗುವುದು ಇವುಗಳಿಂದಲೇ.

ಮಾಡಬೇಕಾದ್ದು: ಎಎಂಸಿ (ವಾರ್ಷಿಕ ನಿರ್ವಹಣಾ ಗುತ್ತಿಗೆ) ಟೆಕ್ನಿಷಿಯನ್‌ಗೆ ಹೇಳಿ ಎರಡೂ ಕಾರು ಗುಂಪು ನಿಯಂತ್ರಣದಲ್ಲಿವೆಯೇ ಪರೀಕ್ಷಿಸಿ. ನೋಟಿಸ್ ಹಾಕುವಾಗ ಕೆಲವೆಡೆ ಅದನ್ನು ಕಳಚಿ ಪ್ರತ್ಯೇಕ ಮಾಡಿರುತ್ತಾರೆ. ಬೆಳಿಗ್ಗೆ 6.30ರಿಂದ 9.30ರವರೆಗೆ ಕೆಲಸವಿಲ್ಲದಾಗ ಒಂದು ಕಾರು ನೆಲಮಹಡಿಯಲ್ಲೂ ಇನ್ನೊಂದು 8ನೇ ಮಹಡಿಯ ಆಸುಪಾಸಿನಲ್ಲೂ ನಿಲ್ಲುವಂತೆ ಹೊಂದಿಸಿ, ಏಕೆಂದರೆ ಆ ಹೊತ್ತಿನಲ್ಲಿ ಕೆಲಸದವರು ಮೇಲೆ ಹತ್ತುತ್ತಾರೆ, ಶಾಲೆ ಮಕ್ಕಳು ಇಳಿಯುತ್ತಾರೆ. ಮನೆ ಸಾಮಾನು ಸಾಗಣೆಯನ್ನು 11ರಿಂದ 4ರೊಳಗೆ ಇಡಿ. ಸಭೆಗೆ ಮುಂಚೆ ಒಂದು ವಾರ ನಿಯಮ ತೆಗೆದು, ಮತ್ತೊಂದು ವಾರ ಇಟ್ಟು, ಸಿಸಿಟಿವಿ ನೋಡಿ ಕಾಯುವ ಸಮಯ ಬರೆದಿಟ್ಟರೆ ವಾದವೇ ಬೇಕಾಗುವುದಿಲ್ಲ.

ಉತ್ತರ 3: ಕೂಲಿ_ಲೆಕ್ಕ

ಮೇಲಿನವರು ಹೇಳಿದ ಕಾಯುವಿಕೆಯನ್ನು ದುಡ್ಡಿಗೆ ತಿರುಗಿಸಿ ನೋಡಿ. ಇದನ್ನು ಬರೀ ಮರ್ಯಾದೆಯ ಪ್ರಶ್ನೆ ಎಂದುಕೊಂಡವರಿಗೆ ಈ ಭಾಗ ಕಾಣುವುದಿಲ್ಲ.

2004ರಲ್ಲೇ ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿತು. ತುಟ್ಟಿಭತ್ಯೆ ಸೇರಿದ ಹೊಸ ದರ ಏಪ್ರಿಲ್ 1ರಿಂದ ಲೆಕ್ಕ. ಕಾರ್ಮಿಕ ಇಲಾಖೆಯ ಅಧಿಸೂಚನೆಯಲ್ಲಿ ನಿಮ್ಮ ವಲಯದ ದರ ನೋಡಿಕೊಳ್ಳಿ. ಲೆಕ್ಕ ತೋರಿಸಲು ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳೋಣ. ದಿನಕ್ಕೆ 8 ಗಂಟೆ, 26 ದಿನ, ಒಟ್ಟು 208 ಗಂಟೆ. ಗಂಟೆಗೆ ಸುಮಾರು 72 ರೂಪಾಯಿ. ಪಾತ್ರೆ, ಕಸ, ನೆಲ ಒರೆಸುವುದು ಸೇರಿ ಒಂದು ಮನೆಗೆ ಒಂದೂವರೆ ಗಂಟೆ ಹಿಡಿದರೆ ತಿಂಗಳಿಗೆ 39 ಗಂಟೆ, ಅಂದರೆ 2,808 ರೂಪಾಯಿ. ಐದು ಮನೆ ಮಾಡಿದರೆ ಏಳೂವರೆ ಗಂಟೆ.

ಈಗ ಲಿಫ್ಟ್. ಐದು ಮನೆಗೆ ಹತ್ತುವುದು ಇಳಿಯುವುದು ಸೇರಿ ಹತ್ತು ಸಲ. ಬೆಳಗಿನ ದಟ್ಟಣೆಯಲ್ಲಿ ಎರಡನೇ ಲಿಫ್ಟಿನ ಮುಂದೆ ಸಾಲು ಇರುತ್ತದೆ, ಕಾರು ತುಂಬಿ ಬರುತ್ತದೆ. ಸಲಕ್ಕೆ 6 ನಿಮಿಷ ಎಂದರೂ ದಿನಕ್ಕೆ ಒಂದು ಗಂಟೆ, ತಿಂಗಳಿಗೆ 26 ಗಂಟೆ, ಅದೇ ದರದಲ್ಲಿ 1,872 ರೂಪಾಯಿ. ಮನೆಗಿಷ್ಟು ಎಂದು ಸಂಬಳ ಮಾತಾಡಿರುವುದರಿಂದ ಈ ಹಣ ಯಾರೂ ಕೊಡುವುದಿಲ್ಲ. ಮೇಲಾಗಿ ತಡವಾಯಿತೆಂದು ಮೂರನೇ ಮನೆಯವರು ಬೈಯುತ್ತಾರೆ, ಐದನೇ ಮನೆ ಕೈ ತಪ್ಪುತ್ತದೆ.

ಲಿಫ್ಟಿನ ಜೊತೆಗೇ ಎತ್ತಬೇಕಾದ್ದು ಶೌಚಾಲಯ. ಬೆಳಿಗ್ಗೆ 7ಕ್ಕೆ ಬಂದು ಮಧ್ಯಾಹ್ನ 3ರವರೆಗೆ ಇರುವ ಹೆಂಗಸರು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರದ ಸೋಂಕು ಅಲ್ಲಿಂದ ಶುರು. ಬಿಲ್ಡರ್ ಕಟ್ಟಿಕೊಟ್ಟ ಸಿಬ್ಬಂದಿ ಶೌಚಾಲಯ ಸಾಮಾನ್ಯವಾಗಿ ಬೇಸ್‌ಮೆಂಟಿನಲ್ಲಿ ಇರುತ್ತದೆ. ಒಂದೋ ಅದು ಪೊರಕೆ ಬಕೆಟ್ ಇಡುವ ಗೋದಾಮಾಗಿದೆ, ಇಲ್ಲ ಬೀಗ ಹಾಕಿ ಕೀಲಿ ಗಾರ್ಡ್ ಹತ್ತಿರ ಇದೆ. ಗಂಡಸಿನ ಹತ್ತಿರ ಹೋಗಿ ಕೀಲಿ ಕೇಳಬೇಕೆಂದರೆ ಬಹಳ ಹೆಂಗಸರು ಹೋಗುವುದೇ ಇಲ್ಲ. ಹೆಂಗಸರಿಗೆ ಪ್ರತ್ಯೇಕ ಕೋಣೆ, ಒಳಗಿನಿಂದ ಚಿಲಕ, ದೀಪ, ನಲ್ಲಿ ನೀರು, ಸೋಪು, ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ, ಹೊರಗೆ ಕುಡಿಯುವ ನೀರು. ಬೀಗ ಬೇಡ. ದಿನಕ್ಕೆರಡು ಸಲ ತೊಳೆಯುವ ಕೆಲಸವನ್ನು ಹೌಸ್‌ಕೀಪಿಂಗ್ ಪಟ್ಟಿಯಲ್ಲೇ ಬರೆಸಿ.

ಉತ್ತರ 4: ಗೇಟ್_ಬಳಿ

ಲೆಕ್ಕ ಸರಿ ಇದೆ. ಆದರೆ ಭದ್ರತೆಯ ಭಯವನ್ನು ತಳ್ಳಿಹಾಕಬೇಡಿ. ಒಂಟಿಯಾಗಿರುವ ವಯಸ್ಸಾದವರು ಸಭೆಗಳಲ್ಲಿ ನಿಜವಾದ ಆತಂಕದಿಂದಲೇ ಮಾತಾಡುತ್ತಾರೆ. ಅವರಿಗೆ ಉತ್ತರ ಕೊಡದಿದ್ದರೆ ಠರಾವು ಬೀಳುತ್ತದೆ.

ಉತ್ತರ 5: ಕೂಲಿ_ಲೆಕ್ಕ

ಒಪ್ಪುತ್ತೇನೆ. ಅವರಿಗೆ ಹೇಳಬೇಕಾದ್ದು ಇಷ್ಟು: ಗೇಟಿನಲ್ಲಿ ಹೆಸರು ದಾಖಲಾಗುತ್ತದೆ, ಎರಡೂ ಲಿಫ್ಟಿನಲ್ಲಿ ಕ್ಯಾಮೆರಾ ಹಾಕಿಸಬಹುದು, ಯಾವ ಲಿಫ್ಟಿನಲ್ಲಿ ಬಂದರೂ ಕೆಲಸದವರು ತಲುಪುವುದು ನಿಮ್ಮ ಅಡುಗೆಮನೆಗೇ. ಚಪಾತಿ ಹಿಟ್ಟು ಕಲಸುವ ಕೈ ಲಿಫ್ಟಿನ ಗುಂಡಿ ಮುಟ್ಟಿದರೆ ಮಾತ್ರ ಕೊಳೆಯಾಗುತ್ತದೆಯೇ? ಸ್ವಚ್ಛತೆಯ ವಾದಕ್ಕೂ ಇದೇ ಉತ್ತರ.

ನಿಜವಾಗಿ ಸರಿಪಡಿಸಬೇಕಾದ್ದು ಗೇಟ್ ಆ್ಯಪ್, ಅಂದರೆ ಗೇಟಿನಲ್ಲಿ ಕೆಲಸದವರ ಪ್ರವೇಶ ದಾಖಲಿಸುವ ಮೊಬೈಲ್ ಆ್ಯಪ್. ಅದರಲ್ಲಿ ಒಂದು ಮನೆಯವರು ಕೋಪದಲ್ಲಿ ದೂರು ಹಾಕಿದರೆ ಕೆಲಸದಾಕೆಯ ಪ್ರವೇಶ ಪಾಸ್ ನಿಲ್ಲುತ್ತದೆ, ಉಳಿದ ನಾಲ್ಕು ಮನೆಯ ಸಂಪಾದನೆಯೂ ಅದೇ ದಿನ ನಿಲ್ಲುತ್ತದೆ. ಆಕೆಯ ಮಾತನ್ನು ಯಾರೂ ಕೇಳಿರುವುದಿಲ್ಲ. ಆದ್ದರಿಂದ ನಿಯಮ ಹೀಗಿರಲಿ: ದೂರು ಬರಹದಲ್ಲಿ ಬರಬೇಕು. ಸಮಿತಿಯ ಇಬ್ಬರು, ಅವರಲ್ಲಿ ಒಬ್ಬರು ಹೆಂಗಸು, ಮೂರು ದಿನದೊಳಗೆ ಎರಡೂ ಕಡೆಯವರ ಮಾತನ್ನು ಕೇಳಬೇಕು. ಅಲ್ಲಿಯವರೆಗೆ ಪಾಸ್ ನಿಲ್ಲಿಸುವಂತಿಲ್ಲ. ಕಳ್ಳತನದ ಅನುಮಾನ ಇದ್ದರೆ ಪೊಲೀಸರಿಗೆ ದೂರು ಕೊಡಿ. ಚೀಲ ಸುರುವಿಸುವುದು, ಮೈ ತಡವುವುದು ಗಾರ್ಡ್‌ಗಳ ಕೆಲಸವಲ್ಲ.

ಡೆಲಿವರಿಯವರನ್ನು ಮರೆಯಬೇಡಿ. 2025ರಲ್ಲಿ ಬಂದ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆ ಕಂಪನಿಗಳಿಂದ ಕಲ್ಯಾಣ ಶುಲ್ಕ ವಸೂಲಿ ಮಾಡುತ್ತದೆ, ನಿಮ್ಮ ಲಿಫ್ಟಿನ ಬಳಿ ಕಳೆದ ಹತ್ತು ನಿಮಿಷಕ್ಕೆ ಏನೂ ಕೊಡುವುದಿಲ್ಲ. ಆರ್ಡರಿಗಿಷ್ಟು ಎಂದು ದುಡಿಯುವವನಿಗೆ ಆ ಹತ್ತು ನಿಮಿಷವೂ ಕೂಲಿಯೇ.

ಹದಿನಾಲ್ಕನೇ_ಮಹಡಿ

ಎಲ್ಲರಿಗೂ ವಂದನೆ. ಬಾಡಿಗೆದಾರರು ಠರಾವು ಮಂಡಿಸಬಹುದೇ?

ಬೈಲಾ_ಓದುಗ

ಸಾಮಾನ್ಯವಾಗಿ ಮತ ಮಾಲೀಕರಿಗೆ ಮಾತ್ರ. ನಿಮ್ಮ ಮಾಲೀಕರಿಂದ ಅಧಿಕಾರ ಪತ್ರ ಪಡೆಯಬಹುದೇ ಎಂದು ಬೈಲಾ ನೋಡಿ. ಕೆಲವು ಸಂಘಗಳು ಮತಕ್ಕೆ ಒಪ್ಪುತ್ತವೆ, ಕೆಲವು ಹಾಜರಾತಿಗೆ ಮಾತ್ರ. ಅದಕ್ಕಿಂತ ಗಟ್ಟಿ ದಾರಿ, ಅಲ್ಲೇ ವಾಸವಿರುವ ಇಬ್ಬರು ಮಾಲೀಕರಿಂದ ಮಂಡನೆ ಮತ್ತು ಅನುಮೋದನೆ ಮಾಡಿಸುವುದು. ವಿಷಯಸೂಚಿಯಲ್ಲಿ ಮುಂಚಿತವಾಗಿ ಸೇರಿರಲೇಬೇಕು. "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯ" ಎಂದು ಕೊನೆಗೆ ಎತ್ತಿದರೆ ಅಷ್ಟು ಹೊತ್ತಿಗೆ ಅರ್ಧ ಜನ ಎದ್ದು ಹೋಗಿರುತ್ತಾರೆ, ಕೋರಂ (ಸಭೆಗೆ ಬೇಕಾದ ಕನಿಷ್ಠ ಹಾಜರಾತಿ) ಇಲ್ಲವೆಂದು ಮುಂದೂಡುತ್ತಾರೆ. ಕಾರ್ಯದರ್ಶಿಗೆ ಇಮೇಲ್ ಇವತ್ತೇ ಕಳಿಸಿ, ಲಿಫ್ಟ್ ಮತ್ತು ಶೌಚಾಲಯ ಎರಡನ್ನೂ ಬೇರೆ ಬೇರೆ ಠರಾವಾಗಿ ಬರೆಯಿರಿ. ಒಂದು ಬಿದ್ದರೂ ಇನ್ನೊಂದು ಉಳಿಯುತ್ತದೆ.