ಮಾಂಟೆವೆರ್ದೆ ಮೋಡದ ಕಾಡಿಗೆ ಒಂದು ದಿನದ ಗೈಡೆಡ್ ಟ್ರಿಪ್ ಸಾಕಾ? ಅಪ್ಪ ಅಮ್ಮ ಜೊತೆಗಿರ್ತಾರೆ

ಡಲ್ಲಾಸ್_ಕನ್ನಡತಿ:
ಎಲ್ರಿಗೂ ನಮಸ್ಕಾರ. ಫೆಬ್ರವರಿ ಕೊನೇಲಿ ಕೋಸ್ಟರಿಕಾಗೆ ಹೊರಟಿದೀವಿ, ನಾನು, ನಮ್ಮನೆಯವ್ರು, ಊರಿಂದ ಬಂದಿರೋ ಅಪ್ಪ ಅಮ್ಮ. ಲಾ ಫೋರ್ಚುನಾದಲ್ಲಿ ರೂಮ್ ಬುಕ್ ಆಗಿದೆ. ಅಲ್ಲಿಂದ ಮಾಂಟೆವೆರ್ದೆಗೆ ಒಂದು ದಿನದ ಗೈಡೆಡ್ ಟ್ರಿಪ್ ಇದೆಯಂತೆ, ಬೆಳಿಗ್ಗೆ ವ್ಯಾನಲ್ಲಿ ಕರ್ಕೊಂಡೋಗಿ ಬೋಟಲ್ಲಿ ಕೆರೆ ದಾಟಿಸಿ ಕಾಡು ತೋರಿಸಿ ರಾತ್ರಿ ಊಟದ ಹೊತ್ತಿಗೆ ವಾಪಸ್ ಬಿಡ್ತಾರಂತೆ. ಅಪ್ಪಂಗೆ ಹಕ್ಕಿ ಅಂದ್ರೆ ಪ್ರಾಣ, ಕ್ವೆಟ್ಜಾಲ್ ನೋಡ್ಲೇಬೇಕು ಅಂತ ಊರಲ್ಲಿದ್ದಾಗಿಂದ ಹೇಳ್ತಿದಾರೆ. ಅಮ್ಮಂಗೆ ಮಂಡಿ ನೋವು, ಜೊತೆಗೆ ಶುದ್ಧ ಸಸ್ಯಾಹಾರಿ, ಮೊಟ್ಟೇನೂ ಮುಟ್ಟಲ್ಲ. ಒಂದು ದಿನ ಸಾಕಾಗುತ್ತಾ? ಗೈಡ್ ಇಲ್ದೆ ನಾವೇ ಓಡಾಡಬಹುದಾ? ಅಷ್ಟು ದೂರ ಹೋಗಿ ಮಂಜು ಕವಿದು ಏನೂ ಕಾಣ್ದೇ ಇದ್ರೆ ಅನ್ನೋ ಭಯಾನೂ ಇದೆ.

ಹೆರೆಡಿಯಾ_ಹುಡುಗ:
ನಾನು ಕೆಲಸದ ಮೇಲೆ ಇಲ್ಲೇ ಕೋಸ್ಟರಿಕಾದ ಹೆರೆಡಿಯಾದಲ್ಲಿದೀನಿ, ಊರಿಂದ ಬಂದೋರ್ನೆಲ್ಲ ಮಾಂಟೆವೆರ್ದೆಗೆ ಕರ್ಕೊಂಡು ಹೋಗ್ತಿರ್ತೀನಿ. ಅಪ್ಪಂಗೆ ಕ್ವೆಟ್ಜಾಲ್ ಬೇಕು ಅಂದ್ರೆ ಆ ಟ್ರಿಪ್ ಬಿಟ್ಬಿಡಿ, ಒಂದು ರಾತ್ರಿ ಸಾಂತಾ ಎಲೆನಾ ಊರಲ್ಲಿ ಉಳ್ಕೊಳ್ಳಿ. ಮ್ಯಾಪಲ್ಲಿ ಲಾ ಫೋರ್ಚುನಾ, ಮಾಂಟೆವೆರ್ದೆ ಎರಡೂ ಅಕ್ಕಪಕ್ಕ ಕಾಣುತ್ತೆ, ಆದ್ರೆ ಮಧ್ಯೆ ಅರೆನಾಲ್ ಕೆರೆ ಇದೆ, ರಸ್ತೇಲಿ ಸುತ್ತು ಹಾಕಿದ್ರೆ ಮೂರು ಗಂಟೆ ಮೇಲೇನೇ, ಬೋಟ್ ಹಿಡಿದ್ರೂ ಎರಡೂವರೆ ಮೂರು ಗಂಟೆ. ನೀವು ಕಾಡೊಳಗೆ ಕಾಲಿಡೋ ಹೊತ್ತಿಗೆ ಬಿಸಿಲೇರಿರುತ್ತೆ, ಹಕ್ಕಿಗಳ ಓಡಾಟ ಕಮ್ಮಿಯಾಗಿರುತ್ತೆ. ರಿಸರ್ವ್ ಗೇಟು ಬೆಳಿಗ್ಗೆ 7ಕ್ಕೆ ತೆಗೀತಾರೆ, ಮೊದಲ ಎರಡು ಗಂಟೇನೇ ಮುಖ್ಯ.

ಗೈಡ್ ಮಾತ್ರ ಬೇಕೇಬೇಕು. ಇದು ನಾಗರಹೊಳೆ ಥರ ಜೀಪಲ್ಲಿ ಕೂತು ಆನೆ ಜಿಂಕೆ ನೋಡೋ ಕಾಡಲ್ಲ, ಎಲ್ಲಾ ಹಸಿರು ಎಲ್ಲಾ ಒದ್ದೆ, ನಮ್ಮ ಕಣ್ಣಿಗೆ ಸುಲಭಕ್ಕೆ ಏನೂ ಬೀಳಲ್ಲ. ಒಳ್ಳೆ ಗೈಡ್ ಮೊದ್ಲು ಹುಡುಕೋದು ಹಕ್ಕೀನಲ್ಲ, ಹಣ್ಣು ಬಿಟ್ಟಿರೋ ಮರಾನ. ಅಗ್ವಕತಿಯೋ ಅಂತಾರೆ, ಕಾಡು ಬೆಣ್ಣೆಹಣ್ಣು, ಚಿಕ್ಕದು. ಕ್ವೆಟ್ಜಾಲ್ ಅದನ್ನ ಇಡೀದಾಗಿ ನುಂಗುತ್ತೆ, ತಿರುಳು ಕರಗಿದ್ಮೇಲೆ ಬೀಜಾನ ಬಾಯಿಂದಾನೇ ಹೊರಗೆ ಹಾಕುತ್ತೆ. ಆ ಮರ ಸಿಕ್ರೆ ಗೈಡ್ ಸ್ಪಾಟಿಂಗ್ ಸ್ಕೋಪ್ ಸ್ಟ್ಯಾಂಡ್ ಊರಿ ನಿಲ್ತಾರೆ, ನೀವೂ ಸುಮ್ನೆ ನಿಲ್ಬೇಕು. ಸ್ಕೋಪಿಗೆ ನಿಮ್ಮ ಫೋನ್ ಹಿಡಿದು ಫೋಟೋನೂ ಅವರೇ ತೆಕ್ಕೊಡ್ತಾರೆ. ಗಂಡಿನ ಬಾಲದ ಗರಿ ಅದರ ಮೈಗಿಂತ ಉದ್ದ, ಮೊಟ್ಟೆಗೆ ಕಾವು ಕೊಡೋಕೆ ಅದೂ ಪಾಳಿ ಮೇಲೆ ಕೂರುತ್ತೆ, ಆಗ ಮರದ ಪೊಟರೆಯಿಂದ ಗರಿ ಮಾತ್ರ ಹೊರಗೆ ನೇತಾಡ್ತಿರುತ್ತೆ. ಫೆಬ್ರವರಿ ಕೊನೆ ಅಂದ್ರೆ ಗೂಡು ಕಟ್ಟೋ ಸೀಸನ್ ಶುರುವಾಗೋ ಹೊತ್ತು, ಒಳ್ಳೆ ಟೈಮ್. ಸಿಕ್ಕೇ ಸಿಗುತ್ತೆ ಅಂತ ಗ್ಯಾರಂಟಿ ಕೊಡೋರನ್ನ ನಂಬಬೇಡಿ ಅಷ್ಟೇ.

ಕಳಸದ_ಕಡೆಯೋನು:
ಅಕ್ಕ, ಮಂಜು ಬಂದ್ರೆ ನಷ್ಟ ಅನ್ಕೊಬೇಡಿ, ಆ ಕಾಡು ಬದುಕಿರೋದೇ ಮಂಜಿಂದ. ಕೆರಿಬಿಯನ್ ಸಮುದ್ರದ ಕಡೆಯಿಂದ ಬರೋ ವಾಣಿಜ್ಯ ಮಾರುತ ಗುಡ್ಡಕ್ಕೆ ಹೊಡೆದು ಮೇಲೇರುತ್ತೆ, ಏರ್ತಾ ತಣ್ಣಗಾಗಿ ಮೋಡ ಆಗಿ ಮರಗಳ ಮಧ್ಯೆನೇ ನುಗ್ಗುತ್ತೆ. ಮಳೆ ಹನಿ ಒಂದೂ ಬೀಳ್ದೇ ಇದ್ರೂ ಎಲೆ, ಪಾಚಿ ಮೋಡದ ನೀರನ್ನ ಹಿಡಿದು ತೊಟ್ಟಿಕ್ಕಿಸ್ತಾನೇ ಇರುತ್ತೆ. ದೂರದ ನೋಟ ಮುಚ್ಚಿದಾಗ ಹತ್ತಿರದ ಒಂದು ಕೊಂಬೆ ನೋಡಿ. ಗೇಣುದ್ದದ ಜಾಗದಲ್ಲಿ ದಪ್ಪ ಪಾಚಿ, ಪಾಚೀಲಿ ಬೇರು ಬಿಟ್ಟ ಜರಿಗಿಡ, ಅದರ ಸಂದೀಲಿ ಸಾಸಿವೆ ಕಾಳಷ್ಟು ಹೂವಿನ ಆರ್ಕಿಡ್, ಪಕ್ಕದಲ್ಲಿ ಅನಾನಸ್ ಕುಟುಂಬದ ಗಿಡ, ಅದರ ಎಲೆ ಬುಡದಲ್ಲಿ ನಿಂತ ನೀರಲ್ಲಿ ಹುಳ. ಆ ಭಾಗದಲ್ಲಿ 400ಕ್ಕೂ ಹೆಚ್ಚು ಜಾತಿ ಆರ್ಕಿಡ್ ಇವೆ, ಗೈಡ್ ಹತ್ರ ಲೆನ್ಸ್ ಇದ್ರೆ ಕೇಳಿ ಇಸ್ಕೊಳ್ಳಿ.

ನಮ್ಮ ಕುದುರೆಮುಖದ ಶೋಲಾನೂ ಇದೇ ಥರದ್ದು, ದಾಲ್ಚಿನ್ನಿ ಕುಟುಂಬದ ಮರಗಳು ಇಲ್ಲೂ ಇವೆ, ಬೆಣ್ಣೆಹಣ್ಣೂ ಅದೇ ಕುಟುಂಬ. ಆದ್ರೆ ನಮ್ಮಲ್ಲಿ ಮೋಡ ಮುಖ್ಯವಾಗಿ ಮುಂಗಾರಿನ ತಿಂಗಳುಗಳದ್ದು, ಅಲ್ಲಿ ವರ್ಷದ ಬಹುಪಾಲು.

ಗೈಡ್ ಹತ್ರ ಬಂಗಾರದ ಬಣ್ಣದ ಕಪ್ಪೆ ಬಗ್ಗೆ ಕೇಳೋದು ಮರೀಬೇಡಿ. ಮಾಂಟೆವೆರ್ದೆ ಗುಡ್ಡದ ನೆತ್ತಿ ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇರ್ಲಿಲ್ಲ. 1987ರಲ್ಲಿ ಸಾವಿರಕ್ಕೂ ಹೆಚ್ಚು ಕಂಡಿದ್ವು, 1989ರಲ್ಲಿ ಒಂದೇ ಒಂದು ಗಂಡು, ಆಮೇಲೆ ಯಾರಿಗೂ ಕಂಡಿಲ್ಲ. ಚರ್ಮಕ್ಕೆ ಹತ್ತೋ ಶಿಲೀಂಧ್ರ ರೋಗ ಒಂದು ಕಾರಣ, ಆಗಿನ ಒಣ ಹವೆ ಇನ್ನೊಂದು ಅಂತಾರೆ. 1970ರ ದಶಕದಿಂದ ಈಚೆಗೆ ಅಲ್ಲಿ ಮಂಜೇ ಇಲ್ಲದ ದಿನಗಳು ಹೆಚ್ಚಾಗಿವೆ, ಅದು ನನಗೆ ನಿಜವಾಗ್ಲೂ ಸಂಕಟ ಆಗೋ ವಿಷಯ. ನೀವು ಹೋದ ದಿನ ಮಂಜು ಇರ್ಲಿ ಅಂತಾನೇ ನನ್ನ ಆಸೆ.

ಮೈಸೂರು_ಟು_ಮಯಾಮಿ:
ಊಟದ ಚಿಂತೆ ಬೇಡ. ಗಾಯೋ ಪಿಂತೋ ಅಂದ್ರೆ ಅನ್ನ ಕಪ್ಪು ಬೀನ್ಸ್ ಕಲಸಿ ಹುರಿದಿದ್ದು, ಕಸಾದೋ ಅಂದ್ರೆ ಅನ್ನ, ಬೀನ್ಸ್, ಸಲಾಡ್, ಕರಿದ ಬಾಳೆಹಣ್ಣು ಇರೋ ತಟ್ಟೆ ಊಟ. ಕೆಲವು ಕಡೆ ಬೀನ್ಸಿಗೆ ಹಂದಿ ಕೊಬ್ಬು ಹಾಕ್ತಾರೆ, ಅದಕ್ಕೆ "ಸಿನ್ ಕಾರ್ನೆ, ಸಿನ್ ವೆವೊ, ಸಿನ್ ಮಾಂತೆಕಾ" ಅಂತ ಕಾಗದದ ಮೇಲೆ ಬರ್ಕೊಂಡು ತೋರ್ಸಿ, ಮಾಂಸ ಮೊಟ್ಟೆ ಕೊಬ್ಬು ಮೂರೂ ಬೇಡ ಅಂತ. ಸ್ವೆಟರ್, ರೇನ್‌ಕೋಟ್ ತಗೊಳ್ಳಿ, ಛತ್ರಿ ಗಾಳಿಗೆ ನಿಲ್ಲಲ್ಲ.

ಡಲ್ಲಾಸ್_ಕನ್ನಡತಿ:
ತುಂಬಾ ಥ್ಯಾಂಕ್ಸ್, ಅಪ್ಪಂಗೆ ಪೂರ್ತಿ ಓದಿ ಹೇಳ್ದೆ, ಖುಷಿಯಾದ್ರು. ಒಂದು ರಾತ್ರಿ ಸಾಂತಾ ಎಲೆನಾಗೆ ಶಿಫ್ಟ್ ಮಾಡಿದೀವಿ. ಮಾಂಟೆವೆರ್ದೆ ರಿಸರ್ವ್, ಸಾಂತಾ ಎಲೆನಾ ರಿಸರ್ವ್ ಅಂತ ಎರಡಿದಾವಲ್ಲ, ಅಮ್ಮನ ಮಂಡಿಗೆ ಯಾವ್ದು ವಾಸಿ?

ಹೆರೆಡಿಯಾ_ಹುಡುಗ:
ಮಾಂಟೆವೆರ್ದೆ. ಸಾಂತಾ ಎಲೆನಾದಲ್ಲಿ ಜನ ಕಮ್ಮಿ, ಅದೂ ಚೆಂದ, ಆದ್ರೆ ಇನ್ನೂ ಎತ್ತರ ಇನ್ನೂ ಒದ್ದೆ. ಮಾಂಟೆವೆರ್ದೆ ರಿಸರ್ವ್ 1972ರದ್ದು. ಅದಕ್ಕೂ ಮುಂಚೆ 1951ರಲ್ಲಿ ಅಮೆರಿಕದ ಅಲಬಾಮಾದಿಂದ ಬಂದ ಕ್ವೇಕರ್ (ಯುದ್ಧ ಒಪ್ಪದ ಒಂದು ಕ್ರೈಸ್ತ ಪಂಥ) ಕುಟುಂಬಗಳು, ತಾವು ಯುದ್ಧಕ್ಕೆ ಹೋಗಲ್ಲ ಅಂತ ಹೇಳಿ, ಸೈನ್ಯಾನೇ ತೆಗೆದುಹಾಕಿದ್ದ ಈ ದೇಶ ಹುಡ್ಕೊಂಡು ಬಂದೋರು, ಹಸು ಸಾಕಿ ಚೀಸ್ ಮಾಡ್ಕೊಂಡಿದ್ರೂ ತಮ್ಮ ನೀರಿನ ಮೂಲದ ಕಾಡನ್ನ ಕಡೀದೆ ಬಿಟ್ಟಿದ್ರು. ಗೈಡ್ ಜೊತೆ ನಡಿಗೆ ನಿಧಾನ, ಹೆಜ್ಜೆಗೊಂದು ಕಡೆ ನಿಲ್ತಾರೆ, ಮಂಡಿ ವಿಷಯ ಬುಕಿಂಗಲ್ಲೇ ತಿಳಿಸಿ. ಆಮೇಲೆ ಅಪ್ಪ ಲಾ ವೆಂತಾನಾ ವ್ಯೂಪಾಯಿಂಟ್‌ವರೆಗೂ ಹೋಗ್ಬೇಕು ಅಂದ್ರೆ ಅಮ್ಮನ್ನ ಗೇಟ್ ಪಕ್ಕದ ಕಫೆ ಕೊಲಿಬ್ರೀಲಿ ಕೂರಿಸಿ, ಅಲ್ಲಿ ಸಕ್ಕರೆ ನೀರಿನ ಬಾಟಲಿಗೆ ಝೇಂಕಾರದ ಹಕ್ಕಿಗಳು (ಹಮ್ಮಿಂಗ್‌ಬರ್ಡ್) ಮುಖದ ಹತ್ರಾನೇ ಬಂದು ಹೋಗ್ತಾವೆ.