ಮಳೆಗಾಲದಲ್ಲಿ ನಿಂತ ವಿಮಾನವನ್ನು ವಾರಕ್ಕೊಮ್ಮೆ ಸ್ಟಾರ್ಟ್ ಮಾಡಬೇಕಾ?

ಪ್ರಶ್ನೆ (ತೀರ್ಥಹಳ್ಳಿಯಿಂದ): ನಮಸ್ಕಾರ ಸರ್. ನಾವು ಮೂವರು ಗೆಳೆಯರು ಸೇರಿ ಹಳೆಯ ಸೆಸ್ನಾ 172 (ನಾಲ್ಕು ಸೀಟಿನ ಸಣ್ಣ ವಿಮಾನ) ಒಂದನ್ನು ಇಟ್ಟುಕೊಂಡಿದ್ದೇವೆ. ಲೈಕಮಿಂಗ್ ಕಂಪನಿಯ ಎಂಜಿನ್. ವಿಮಾನ ಇರುವುದು ಬೆಂಗಳೂರಿನ ಹ್ಯಾಂಗರಿನಲ್ಲಿ. ಮಳೆಗಾಲ ಪೂರ್ತಿ ಅಡಿಕೆಗೆ ಔಷಧಿ ಹೊಡೆಸುವ ಕೆಲಸ, ನನಗೆ ಹೋಗಲು ಆಗುವುದಿಲ್ಲ. ಎಂಜಿನ್ ಜಾಮ್ ಆಗದಿರಲಿ ಅಂತ ವಾರಕ್ಕೊಮ್ಮೆ ಹತ್ತು ನಿಮಿಷ ಸ್ಟಾರ್ಟ್ ಮಾಡಿಸುತ್ತಿದ್ದೇವೆ. ತೋಟದ ಪಂಪಿಗೂ ಹಾಗೇ ಮಾಡುತ್ತೇವಲ್ವಾ. ಅಷ್ಟು ಸಾಕಾ?

ಉತ್ತರ (ವಿಮಾನ ಎಂಜಿನಿಯರ್, ಶಿವಮೊಗ್ಗ): ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ. ಸುಮ್ನೆ ನಿಲ್ಲಿಸಿಡುವುದಕ್ಕಿಂತ ಅದೇ ಜಾಸ್ತಿ ಕೆಡುಕು.

ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಹೊಗೆಯ ಜೊತೆ ಆವಿಯಾಗಿ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್ ದಾಟಿ ಆಯಿಲ್ ಸೇರುತ್ತದೆ. ಹಾರುವಾಗ ಆಯಿಲ್ ಚೆನ್ನಾಗಿ ಕಾದು ಆ ನೀರೂ ಹೋಗಿಬಿಡುತ್ತದೆ. ನೆಲದ ಮೇಲೆ ಹತ್ತು ನಿಮಿಷಕ್ಕೆ ಅಷ್ಟು ಕಾಯುವುದಿಲ್ಲ. ಲೈಕಮಿಂಗ್‌ನಲ್ಲಿ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲ್ಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲ್ಗಡೆ. ನಿಂತಾಗ ಅದರ ಮೇಲಿನ ಆಯಿಲ್ ಇಳಿದು ಹೋಗುತ್ತದೆ. ಬರಿಯ ಕಬ್ಬಿಣ, ಒಳಗೆ ತೇವ. ಮಳೆಗಾಲದಲ್ಲಿ ನಮ್ಮ ಮನೆಯ ಬೀಗಗಳ ಗತಿ ನೋಡಿದ್ದೀರಲ್ಲ, ಅದೇ ಕಥೆ.

ತುಕ್ಕು ಹಿಡಿದ ಕ್ಯಾಮ್ (ಆ ಶಾಫ್ಟಿನ ಉಬ್ಬು) ಸವೆಯುತ್ತದೆ. ವಾಲ್ವ್ ಪೂರ್ತಿ ತೆರೆಯುವುದಿಲ್ಲ, ಶಕ್ತಿ ನಿಧಾನವಾಗಿ ಇಳಿಯುತ್ತದೆ. ಇಬ್ಬರೇ ಹಾರುವಾಗ ಗೊತ್ತಾಗುವುದಿಲ್ಲ. ಬೇಸಿಗೆಯ ಮಧ್ಯಾಹ್ನ ನಾಲ್ಕು ಜನ ಕೂತು ಮೇಲೇಳುವಾಗ ಗೊತ್ತಾಗುತ್ತದೆ. ನನಗೆ ಭಯ ಅದೇ.

ನಿಮ್ಮ ಗೆಳೆಯರಲ್ಲಿ ಯಾರಾದರೂ ತಿಂಗಳಿಗೊಮ್ಮೆ ಒಂದು ಗಂಟೆ ಹಾರಿಸಲಿ. ಆಯಿಲ್ 74ರಿಂದ 93 ಡಿಗ್ರಿ ಸೆಲ್ಸಿಯಸ್ ನಡುವೆ ಇರಬೇಕು. ಆಗದಿದ್ದರೆ ಒಳಗೆ ತುಕ್ಕು ತಡೆಯುವ ಆಯಿಲ್ ಹಾಕಿಸಿ, ಸ್ಪಾರ್ಕ್ ಪ್ಲಗ್ ಜಾಗಕ್ಕೆ ತೇವ ಹೀರುವ ಪ್ಲಗ್ ಕೂರಿಸಿ ನಿಲ್ಲಿಸಿ. ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಬೇಡಿ. ಉಳಿದ ಚೂರು ಆಯಿಲ್ ಪದರವೂ ಒರೆಸಿಹೋಗುತ್ತದೆ. ಪ್ಲಗ್‌ಗೆ ಕರೆಂಟ್ ಕೊಡುವ ಮ್ಯಾಗ್ನೆಟೊ ಕಿಡಿ ಕೊಟ್ಟು ಎಂಜಿನ್ ತಟ್ಟನೆ ತಿರುಗಿದರೆ ಕೈಯೇ ಹೋದೀತು.

ಪ್ರಶ್ನೆ: ಆಯಿಲ್ ನಾನೇ ಬದಲಿಸಬಹುದಾ ಸರ್? ಅಮೆರಿಕದಲ್ಲಿ ಪೈಲಟ್‌ಗಳೇ ಮಾಡುತ್ತಾರಂತೆ.

ಉತ್ತರ: ಹೌದು, ಅಲ್ಲಿ ಸ್ವಂತ ವಿಮಾನದ ಆಯಿಲ್, ಪ್ಲಗ್, ಟೈರ್ ಕೆಲಸಕ್ಕೆ ಪೈಲಟ್‌ಗೆ ಅವಕಾಶವಿದೆ. ನೀವು ಮಾತ್ರ ಲೈಸೆನ್ಸ್ ಇರುವ ಎಂಜಿನಿಯರ್ ಕೈಯಲ್ಲೇ ಮಾಡಿಸಿ, ಪಕ್ಕದಲ್ಲಿ ನಿಂತು ನೋಡಿ. ಫಿಲ್ಟರ್ ಇರುವ ಎಂಜಿನ್‌ಗೆ 50 ಗಂಟೆ ಅಥವಾ 4 ತಿಂಗಳು, ಯಾವುದು ಮೊದಲೋ ಅದು. ಹಾರದಿದ್ದರೂ 4 ತಿಂಗಳಿಗೆ ಬದಲಿಸಲೇಬೇಕು.

ಮೊದಲ ಹಾರಾಟಕ್ಕೆ ಮುಂಚೆ ಎರಡೂ ರೆಕ್ಕೆಯ ಟ್ಯಾಂಕಿನ ಅಡಿಯಿಂದ ಇಂಧನ ತೆಗೆದು ನೋಡಿ. ವಿಮಾನದ ಪೆಟ್ರೋಲ್ ನೀಲಿ, ನೀರು ಕೆಳಗೆ ಬೇರೆಯಾಗಿ ನಿಲ್ಲುತ್ತದೆ. ಕ್ಯಾಮ್ ಸವೆದು ಉದುರಿದ ಕಬ್ಬಿಣದ ಚೂರು ಇದೆಯಾ ಅಂತ ತಿಳಿಯಲು ಹಳೇ ಆಯಿಲ್ ಫಿಲ್ಟರ್ ಕತ್ತರಿಸಿ ಮಡಿಕೆ ಬಿಡಿಸಿ, ಆಯಸ್ಕಾಂತ ಆಡಿಸಿ. ಅಂಟಿದ ಚೂರುಗಳ ಫೋಟೋ ಇಲ್ಲಿ ಹಾಕಿ, ನೋಡುತ್ತೇನೆ. ಅಲ್ಲಿಯವರೆಗೆ ಹಾರಬೇಡಿ.